ಆರೈಕೆಯ ಯೋಜನೆಯಲ್ಲಿ ತೀವ್ರ ಮನೋರೋಗಿಗಳ ಪಾಲು

ತೀವ್ರ ಮನೋರೋಗವುಳ್ಳವರು ತಮ್ಮ ಚಿಕಿತ್ಸೆ, ಆರೈಕೆ, ಪುನರ್ವಸತಿ ಹೇಗಿರಬೇಕೆಂಬುದನ್ನು ವೈದ್ಯರು, ಮನೆಯವರು ಹಾಗೂ ಇತರ ಸಹಾಯಕರೊಂದಿಗೆ ಸೇರಿ ತಾವೂ ತೀರ್ಮಾನಿಸುವ ಪದ್ಧತಿ. ತೀವ್ರ ಮನೋರೋಗಗಳೆಂದರೆ ಸಾಮಾನ್ಯವಾಗಿ ಸ್ಕಿಜೋಫ್ರೀನಿಯಾ, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಕಾಡುವ ಬೈಪೋಲಾರ್ ಕಾಯಿಲೆ, ಭ್ರಮೆಗಳಿಂದ ಕೂಡಿದ ಗಾಢ ಖಿನ್ನತೆ ಮೊದಲಾದವು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 0.8ರಷ್ಟು ಮಂದಿ ಆಗ ಇಂಥ ಕಾಯಿಲೆಗಳಿಂದ ಬಳಲುತ್ತಿದ್ದರು. ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಅವಕ್ಕೆ ತುತ್ತಾದವರು ಶೇ. 1.9ರಷ್ಟಿದ್ದರು.

ಈ ಕಾಯಿಲೆಗಳಲ್ಲಿ ಏರಿಳಿತ ಹೆಚ್ಚು. ಉಲ್ಬಣಿಸಿದಾಗ ರೋಗಿಗೆ ತನ್ನ ಹಿತ ಯಾವುದು, ಅಹಿತ ಯಾವುದು ಎಂಬುದು ಮಸುಕಾಗಬಹುದು. ತನಗೆ ಕಾಯಿಲೆಯೇ ಇಲ್ಲವೆಂದು ಆತ ವಾದಿಸಬಹುದು. ಅದೇ ವ್ಯಕ್ತಿ ತಿಳಿಯಾದ ತಿಂಗಳುಗಳಲ್ಲಿ, ವರ್ಷಗಳಲ್ಲಿ ಹೊಲ, ಅಂಗಡಿ, ಕಚೇರಿ, ಸಂಸಾರಗಳನ್ನು ಎಲ್ಲರಂತೆ ನಿಭಾಯಿಸುತ್ತಾನೆ. ತಿಳಿಯಾಗಿರುವಾಗ ಆಡಿದ ಮಾತು ಕದಡಿದ ಹೊತ್ತಿನಲ್ಲಿ ನಡೆಯುವಂತೆ ಮಾಡುವುದು ಹೇಗೆ ಎಂಬುದೇ ಈ ಪದ್ಧತಿಯ ಮೂಲ ಪ್ರಶ್ನೆ.

ಹಿನ್ನೆಲೆ

ಹುಚ್ಚಾಸ್ಪತ್ರೆಗಳ ಕಾಲದಲ್ಲಿ ರೋಗಿ ಏನೇ ಹೇಳಿದರೂ ಅದನ್ನು ರೋಗಲಕ್ಷಣವೆಂದು ಬರೆದುಕೊಳ್ಳುವುದೇ ರೂಢಿಯಾಗಿತ್ತು. 18ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಮೇಲ್ವಿಚಾರಕ ಪುಸ್ಸಾಂ ರೋಗಿಗಳ ಸರಪಳಿ ಬಿಚ್ಚಿಸಿದ, ಗುಣಮುಖರಾದವರನ್ನೇ ಪರಿಚಾರಕರಾಗಿ ನೇಮಿಸಿಕೊಂಡ. ವೈದ್ಯ ಫಿಲಿಪ್ ಪಿನೆಲ್ ಈ ಕ್ರಮವನ್ನು ಬೆಂಬಲಿಸಿ ಬರೆದು ಪ್ರಸಿದ್ಧಿಗೆ ತಂದ. 1796ರಲ್ಲಿ ವಿಲಿಯಂ ಟ್ಯೂಕ್ ಇಂಗ್ಲೆಂಡಿನ ಯಾರ್ಕ್‌ನಲ್ಲಿ ತೆರೆದ ರಿಟ್ರೀಟ್ ಆಶ್ರಮವೂ ಮನುಷ್ಯತ್ವದ ನಡವಳಿಕೆಗೆ ಹೆಸರಾಯಿತು. ಆದರೆ ಎರಡೂ ಕಡೆ ದಯೆ ತೋರುವವರು ಬೇರೆ, ಅದನ್ನು ಪಡೆಯುವವರು ಬೇರೆ ಆಗಿದ್ದರು. ತೀರ್ಮಾನ ಮೇಲಿನವರದೇ ಆಗಿತ್ತು.

ರೋಗಿಗಳಾಗಿದ್ದವರು ತಮ್ಮ ಪರವಾಗಿ ತಾವೇ ಮಾತನಾಡತೊಡಗಿದ್ದು 19ನೆಯ ಶತಮಾನದಲ್ಲಿ. 1845ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಪರ್ಸಿವಲ್ ಮತ್ತಿತರರು ಇದಕ್ಕಾಗಿ ಒಂದು ಸಂಘ ಕಟ್ಟಿದರು. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಆಸ್ಪತ್ರೆವಾಸದ ಅನುಭವವನ್ನು 1908ರಲ್ಲಿ ಪುಸ್ತಕವಾಗಿ ಪ್ರಕಟಿಸಿ ಮಾನಸಿಕ ಆರೋಗ್ಯ ಚಳವಳಿಗೆ ಕಾರಣನಾದ. ಜೂಡಿ ಚೇಂಬರ್ಲಿನ್ ಬರೆದ ‘ಆನ್ ಅವರ್ ಓನ್’ (1978) ರೋಗಿಗಳೇ ನಡೆಸುವ ಸೇವಾಕೇಂದ್ರಗಳ ಕಲ್ಪನೆಯನ್ನು ಮುಂದಿಟ್ಟಿತು. ಅದೇ ವರ್ಷ ಇಟಲಿಯಲ್ಲಿ ಮನೋವೈದ್ಯ ಫ್ರಾಂಕೊ ಬಸಾಲಿಯಾನ ಹೋರಾಟದ ಫಲವಾಗಿ 180ನೆಯ ಸಂಖ್ಯೆಯ ಕಾನೂನು ಜಾರಿಗೆ ಬಂದು ಹಳೆಯ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚುವ ಕೆಲಸ ಮೊದಲಾಯಿತು. ಫಿನ್ಲೆಂಡಿನ ಟೋರ್ನಿಯೊ ಊರಿನ ಕೆರೊಪುಡಾಸ್ ಆಸ್ಪತ್ರೆಯ ಸಿಬ್ಬಂದಿ 1984ರಲ್ಲಿ ಒಂದು ನಿಯಮ ಮಾಡಿಕೊಂಡರು: ರೋಗಿಯ ಬಗ್ಗೆ ರೋಗಿ ಇಲ್ಲದಾಗ ಚರ್ಚೆ ಬೇಡ; ಚಿಕಿತ್ಸೆಯ ತೀರ್ಮಾನವೆಲ್ಲ ಅವರೂ ಅವರ ಮನೆಯವರೂ ಕೂತ ಸಭೆಯಲ್ಲೇ ಆಗಲಿ. ‘ಓಪನ್ ಡೈಲಾಗ್’ ಎಂದು ಹೆಸರಾದ ಪದ್ಧತಿ ಬೆಳೆದದ್ದು ಇಲ್ಲಿಂದ.

2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಈ ಚಳವಳಿಗೆ ಕಾನೂನಿನ ಬಲ ಕೊಟ್ಟಿತು. ಅಂಗವೈಕಲ್ಯವುಳ್ಳವರಿಗೂ ಇತರರಷ್ಟೇ ಕಾನೂನುಬದ್ಧ ಸಾಮರ್ಥ್ಯವಿದೆ, ಅದನ್ನು ಬಳಸಲು ಬೇಕಾದ ನೆರವನ್ನು ಸರ್ಕಾರ ಒದಗಿಸಬೇಕು ಎನ್ನುತ್ತದೆ ಅದರ 12ನೆಯ ವಿಧಿ. ಭಾರತ ಇದನ್ನು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿತು.

ತೀರ್ಮಾನಿಸುವ ಸಾಮರ್ಥ್ಯ

ಕಾಯಿಲೆಯ ಹೆಸರನ್ನು ನೋಡಿ ಒಬ್ಬರ ಸಾಮರ್ಥ್ಯವನ್ನು ಅಳೆಯಲಾಗದು. ಪಾಲ್ ಅಪೆಲ್‌ಬಾಮ್ ಮತ್ತು ಥಾಮಸ್ ಗ್ರಿಸೊ 1995ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಆಸ್ಪತ್ರೆಗೆ ದಾಖಲಾಗಿದ್ದ ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಎಲ್ಲ ಅಳತೆಗಳಲ್ಲೂ ತೇರ್ಗಡೆಯಾದರು; ಖಿನ್ನತೆಯವರಲ್ಲಿ ಈ ಪ್ರಮಾಣ ಶೇ. 76. ಉಳಿದವರ ಕಷ್ಟವೂ ಸಣ್ಣದಲ್ಲವೆಂಬುದನ್ನು ಇದೇ ಅಧ್ಯಯನ ತೋರಿಸಿತು.

ಸಾಮರ್ಥ್ಯವು ಕಾಲಕ್ಕೆ ತಕ್ಕಂತೆ, ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆ. ಬೆಳಗ್ಗೆ ಗೊಂದಲದಲ್ಲಿದ್ದವರು ಸಂಜೆ ಸ್ಪಷ್ಟವಾಗಿ ಮಾತನಾಡಬಹುದು. ಆಸ್ತಿಯ ವ್ಯವಹಾರ ತಿಳಿಯದವರಿಗೂ ಯಾವ ಮಾತ್ರೆ ತಮಗೆ ಒಗ್ಗದು ಎಂಬುದು ಚೆನ್ನಾಗಿ ಗೊತ್ತಿರಬಹುದು. ವಿಷಯವನ್ನು ಸಣ್ಣ ಸಣ್ಣ ಭಾಗ ಮಾಡಿ, ಅವರ ಆಡುಮಾತಿನಲ್ಲಿ, ಬೇಕಾದರೆ ಚಿತ್ರ ತೋರಿಸಿ, ಮತ್ತೆ ಮತ್ತೆ ಹೇಳಿದರೆ ಅರ್ಥ ಮಾಡಿಕೊಳ್ಳುವ ಶಕ್ತಿ ಹೆಚ್ಚುತ್ತದೆ. ಆದ್ದರಿಂದ ‘ಈತನಿಗೆ ತೀರ್ಮಾನಿಸಲು ಬರುತ್ತದೆಯೇ?’ ಎಂದು ಕೇಳುವುದಕ್ಕೆ ಮೊದಲು ‘ಈತನಿಗೆ ತಿಳಿಯುವಂತೆ ಹೇಳಿದ್ದೇವೆಯೇ?’ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಯೋಜನೆಯ ವಿಷಯಗಳು

ಆರೈಕೆಯ ಯೋಜನೆಯಲ್ಲಿ ಔಷಧಿಯ ಆಯ್ಕೆ ಮುಖ್ಯವಾದದ್ದು. ಮನೋರೋಗದ ಔಷಧಿಗಳ ಗುಣ ಎಷ್ಟು ಭಿನ್ನವೋ ಅಡ್ಡಪರಿಣಾಮವೂ ಅಷ್ಟೇ ಭಿನ್ನ. ಒಲಾಂಜಪೈನ್ ಮೈತೂಕ ಏರಿಸುತ್ತದೆ. ಹ್ಯಾಲೊಪೆರಿಡಾಲ್ ಮೈಯನ್ನು ಬಿಗಿಗೊಳಿಸಿ ಕೈ ನಡುಗಿಸಬಹುದು. ರಿಸ್ಪೆರಿಡೋನ್ ಹೆಂಗಸರ ಮುಟ್ಟನ್ನು ಏರುಪೇರು ಮಾಡಬಹುದು. ಕ್ಲೋಜಪೈನ್ ತೆಗೆದುಕೊಳ್ಳುವವರು ಮೊದಲ ತಿಂಗಳುಗಳಲ್ಲಿ ವಾರವಾರ ರಕ್ತಪರೀಕ್ಷೆ ಮಾಡಿಸಬೇಕು. ಲಿಥಿಯಂ ಪ್ರಮಾಣ ದೇಹದ ನೀರು, ಉಪ್ಪಿನೊಂದಿಗೆ ಏರಿಳಿಯುವುದರಿಂದ ಬಿಸಿಲಿನಲ್ಲಿ ದುಡಿಯುವವರು, ಉಪವಾಸ ಮಾಡುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ವಾಲ್ಪ್ರೊಯೇಟ್ ಗರ್ಭದ ಶಿಶುವಿಗೆ ಅಪಾಯಕಾರಿ. ಅಕ್ಕಸಾಲಿಗನಿಗೆ ಕೈನಡುಕವೇ ಜೀವನೋಪಾಯಕ್ಕೆ ಪೆಟ್ಟು. ನಸುಕಿನಲ್ಲಿ ಹಾಲು ಕರೆಯಬೇಕಾದವರಿಗೆ ಬೆಳಗಿನ ಮಂಪರು ದೊಡ್ಡ ತೊಡಕು. ಮದುವೆ ಗೊತ್ತಾದ ಹುಡುಗಿಯ ಚಿಂತೆಯೇ ಬೇರೆ. ಇವು ಬಾಯಿ ಬಿಟ್ಟು ಕೇಳದೆ ವೈದ್ಯರಿಗೆ ತಿಳಿಯುವಂಥವಲ್ಲ. ಕೇಳದೆ ಬರೆದ ಔಷಧಿಯನ್ನು ರೋಗಿ ಸದ್ದಿಲ್ಲದೆ ನಿಲ್ಲಿಸುವುದು ಸಾಮಾನ್ಯ. 2005ರಲ್ಲಿ ಪ್ರಕಟವಾದ ಅಮೆರಿಕದ ‘ಕೇಟೀ’ ಅಧ್ಯಯನದಲ್ಲಿ ಪಾಲ್ಗೊಂಡ ಸುಮಾರು 1,500 ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ಶೇ. 74ರಷ್ಟು ಮಂದಿಯ ಮೊದಲ ಔಷಧಿ ಒಂದಲ್ಲ ಒಂದು ಕಾರಣದಿಂದ 18 ತಿಂಗಳೊಳಗೆ ನಿಂತುಹೋಗಿತ್ತು.

ಎರಡನೆಯದು ಮುನ್ಸೂಚನೆಗಳ ಪಟ್ಟಿ. ಕಾಯಿಲೆ ಮರುಕಳಿಸುವ ಮೊದಲು ಕಾಣುವ ಗುರುತುಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ: ನಿದ್ದೆ ಎರಡು ಗಂಟೆಗೆ ಇಳಿಯುವುದು, ಸಾಲ ಮಾಡಿ ಬೇಡದ ಸಾಮಾನು ಕೊಳ್ಳುವುದು, ಅನ್ನದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುವುದು, ಮಧ್ಯರಾತ್ರಿ ನೆಂಟರಿಗೆಲ್ಲ ಫೋನ್ ಮಾಡುವುದು. ಇವನ್ನು ರೋಗಿಯೇ ನೆನಪಿನಿಂದ ಹೇಳಿ ಬರೆಸಿದರೆ ಮನೆಯವರ ಎಚ್ಚರಿಕೆಯ ಮಾತು ಮುಂದೆ ಆರೋಪದಂತೆ ಕೇಳಿಸುವುದಿಲ್ಲ.

ಮೂರನೆಯದು ಬಿಕ್ಕಟ್ಟಿನ ಹೊತ್ತಿನ ಏರ್ಪಾಡು: ಯಾರನ್ನು ಕರೆಯಬೇಕು, ಯಾರನ್ನು ಕರೆಯಬಾರದು, ಯಾವ ಆಸ್ಪತ್ರೆ, ಹಿಂದೆ ಯಾವ ಔಷಧಿ ನಾಟಿತ್ತು, ಯಾವುದು ತೊಂದರೆ ಕೊಟ್ಟಿತ್ತು, ಇ.ಸಿ.ಟಿ. (ಜನರ ಬಾಯಲ್ಲಿ ‘ಕರೆಂಟ್ ಕೊಡುವುದು’) ಬೇಕೇ ಬೇಡವೇ. ಮಕ್ಕಳು, ದನಕರು, ಅಂಗಡಿಯ ಬೀಗದ ಕೈ ಯಾರ ವಶಕ್ಕೆ. ನಾಲ್ಕನೆಯದು ಕಾಯಿಲೆಯಾಚೆಗಿನ ಬದುಕು: ಓದು, ಕೆಲಸ, ವಾಸ, ಅಂಗವಿಕಲರ ಗುರುತಿನ ಚೀಟಿ ಮತ್ತು ಪಿಂಚಣಿ. ರೋಗಿಗಳು ಮೊದಲು ಕೇಳುವುದು ಬಹುಮಟ್ಟಿಗೆ ಈ ಕೊನೆಯ ಬಾಬನ್ನೇ.

ಸಾಧನಗಳು

ಹಂಚಿಕೊಂಡ ತೀರ್ಮಾನ: ಇರುವ ಆಯ್ಕೆಗಳನ್ನು, ಅವುಗಳ ಲಾಭ-ನಷ್ಟಗಳನ್ನು ವೈದ್ಯರು ಬಿಡಿಸಿ ಹೇಳುವುದು, ರೋಗಿ ತನ್ನ ಇಷ್ಟವನ್ನು ತಿಳಿಸುವುದು, ಇಬ್ಬರೂ ಸೇರಿ ಒಂದನ್ನು ಆರಿಸುವುದು. ಜರ್ಮನಿಯ ಯೊಹಾನೆಸ್ ಹಾಮನ್ ಮತ್ತು ಸಂಗಡಿಗರು 12 ವಾರ್ಡುಗಳ 107 ಸ್ಕಿಜೋಫ್ರೀನಿಯಾ ಒಳರೋಗಿಗಳಲ್ಲಿ ಇದನ್ನು ಪ್ರಯೋಗಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಿಗಳ ತಿಳಿವಳಿಕೆ ಹೆಚ್ಚಿತು, ತೀರ್ಮಾನದಲ್ಲಿ ತಮ್ಮ ಪಾಲಿದೆ ಎಂಬ ಭಾವನೆಯೂ ಹೆಚ್ಚಿತು.

ಜಂಟಿ ಬಿಕ್ಕಟ್ಟು ಯೋಜನೆ: ಇದು ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು. ಕಾಯಿಲೆ ಮರುಕಳಿಸಿದರೆ ಏನು ಮಾಡಬೇಕೆಂಬುದನ್ನು ರೋಗಿ, ಆತನ ಆಪ್ತರು, ಚಿಕಿತ್ಸಕರು ಒಟ್ಟಿಗೆ ಕೂತು ಬರೆಯುತ್ತಾರೆ. ಈ ಚಿಕಿತ್ಸಕ ತಂಡಕ್ಕೆ ಸೇರದ ಮೂರನೆಯ ವ್ಯಕ್ತಿಯೊಬ್ಬರು ಸಭೆ ನಡೆಸಿಕೊಡುತ್ತಾರೆ.

ಚೇತರಿಕೆಯ ಕ್ರಿಯಾಯೋಜನೆ: ‘ರ್‍ಯಾಪ್’ ಎಂದು ಹೆಸರಾದ ಇದನ್ನು ಅಮೆರಿಕದ ವರ್ಮಾಂಟಿನಲ್ಲಿ ಮೇರಿ ಎಲೆನ್ ಕೋಪ್‌ಲೆಂಡ್ ಮತ್ತು ಸಂಗಡಿಗರು 1997ರಲ್ಲಿ ರೂಪಿಸಿದರು. ಇದನ್ನು ಬರೆಯುವವರು ರೋಗಿಗಳೇ. ಕಲಿಸುವವರೂ ಸಾಮಾನ್ಯವಾಗಿ ಅದೇ ಹಾದಿಯಲ್ಲಿ ನಡೆದು ಬಂದವರು.

ಮುಂಗಡ ನಿರ್ದೇಶನ: ಸಾಮರ್ಥ್ಯವಿದ್ದಾಗ ಬರೆದಿಟ್ಟು, ಅದು ಇಲ್ಲವಾದಾಗ ಜಾರಿಗೆ ಬರುವ ಲಿಖಿತ ಸೂಚನೆ. ಮನೋವೈದ್ಯ ಥಾಮಸ್ ಸಾಸ್ 1982ರಲ್ಲಿ ಇದನ್ನು ಮರಣಪತ್ರಕ್ಕೆ ಹೋಲಿಸಿ ಮಂಡಿಸಿದ. ಅಮೆರಿಕದ ಮಿನೆಸೋಟ ರಾಜ್ಯ 1991ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ನೀಡಿತು.

ಫಲಿತಾಂಶಗಳು

2004ರಲ್ಲಿ ಕ್ಲೇರ್ ಹೆಂಡರ್ಸನ್ ಮತ್ತು ಸಂಗಡಿಗರು 160 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ವರದಿ ಬಂತು. ಜಂಟಿ ಬಿಕ್ಕಟ್ಟು ಯೋಜನೆ ಮಾಡಿಕೊಂಡವರಲ್ಲಿ ಶೇ. 13ರಷ್ಟು ಮಂದಿಯನ್ನು ಬಲವಂತವಾಗಿ ದಾಖಲಿಸಬೇಕಾಯಿತು, ಮಾಡಿಕೊಳ್ಳದವರಲ್ಲಿ ಶೇ. 27. ಆದರೆ 2013ರಲ್ಲಿ ಪ್ರಕಟವಾದ, 569 ಮಂದಿಯನ್ನು ಒಳಗೊಂಡ ‘ಕ್ರಿಮ್ಸನ್’ ಪ್ರಯೋಗದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅನೇಕ ಕಡೆ ಚಿಕಿತ್ಸಕರು ಸಭೆಯನ್ನು ಮಾಮೂಲಿ ಭೇಟಿಯಂತೆ ಮುಗಿಸಿದ್ದರೆಂಬುದು ಆಮೇಲೆ ತಿಳಿಯಿತು. ಇಂಗ್ಲೆಂಡಿನಲ್ಲಿ 1991ರಿಂದ ಪ್ರತಿ ರೋಗಿಗೂ ಲಿಖಿತ ಆರೈಕೆ ಯೋಜನೆ ಇರಬೇಕೆಂಬ ನಿಯಮವಿತ್ತು. ಆದರೆ 2016ರ ಒಂದು ಅಧ್ಯಯನ ಕಂಡಂತೆ ರೋಗಿಗಳು ಅದನ್ನು ತೆರೆದು ನೋಡುತ್ತಿದ್ದದ್ದು ಅಪರೂಪ. ಸಿಬ್ಬಂದಿಗೆ ಅದು ತುಂಬಿಸಬೇಕಾದ ನಮೂನೆ. ರೋಗಿಗಳನ್ನು ಒಳಗೊಳ್ಳುವುದು ಹೇಗೆಂದು ಸಿಬ್ಬಂದಿಗೆ ತರಬೇತಿ ಕೊಟ್ಟ ‘ಈಕ್ವಿಪ್’ ಪ್ರಯೋಗವೂ (2018) ರೋಗಿಗಳ ಅನುಭವದಲ್ಲಿ ಗಣನೀಯ ಬದಲಾವಣೆ ತರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಎರಡು ಪ್ರಯೋಗಗಳಿವೆ. ಉತ್ತರ ಕೆರೊಲಿನಾದಲ್ಲಿ 469 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ (2006), ಪಕ್ಕದಲ್ಲಿ ಕೂತು ನೆರವಾಗುವವರು ಸಿಕ್ಕಾಗ ಶೇ. 61ರಷ್ಟು ಮಂದಿ ಮುಂಗಡ ನಿರ್ದೇಶನ ಬರೆದರು. ಮಾಹಿತಿ ಮಾತ್ರ ಪಡೆದವರಲ್ಲಿ ಬರೆದವರು ಶೇ. 3. ಫ್ರಾನ್ಸಿನ ಮಾರ್ಸೇ, ಲಿಯೋಂ, ಪ್ಯಾರಿಸ್‌ಗಳಲ್ಲಿ 394 ಮಂದಿಯನ್ನೊಳಗೊಂಡ ಪ್ರಯೋಗದಲ್ಲಿ (2022) ನೆರವಿಗೆ ನಿಂತವರು ಕಾಯಿಲೆಯಿಂದ ಚೇತರಿಸಿಕೊಂಡವರೇ. ಅಲ್ಲಿ ಬಲವಂತದ ದಾಖಲಾತಿ ಶೇ. 39.9ರ ಎದುರು ಶೇ. 27ಕ್ಕೆ ಇಳಿಯಿತು. ಒಟ್ಟಾರೆ ನೋಡಿದರೆ ಹಾಳೆಯೊಂದರಿಂದಲೇ ಫಲ ಸಿಕ್ಕಿಲ್ಲ. ಅದನ್ನು ಬರೆಯುವಾಗ ಬಿಡುವು ಮಾಡಿಕೊಂಡು ಜೊತೆಗೆ ಕೂತವರಿದ್ದಲ್ಲಿ ಸಿಕ್ಕಿದೆ.

ಭಾರತದಲ್ಲಿ

ಭಾರತದ ಮನೋವೈದ್ಯಕೀಯದಲ್ಲಿ ಮೊದಲು ಜಾಗ ದೊರೆತದ್ದು ಕುಟುಂಬಕ್ಕೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬಳಿಕ ನಿಮ್ಹಾನ್ಸ್ ಈ ಕ್ರಮವನ್ನು ಬೆಳೆಸಿದವು. ಆದರೆ ಕಾನೂನು ಹಿಂದೆಯೇ ಉಳಿದಿತ್ತು. 1912ರ ಹುಚ್ಚರ ಕಾಯ್ದೆ ರೋಗಿಯನ್ನು ಒಳಗಿಡುವುದರ ಬಗ್ಗೆಯೇ ಹೆಚ್ಚು ಮಾತಾಡಿತು. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಚಿಕಿತ್ಸೆಯ ಯೋಜನೆಯಲ್ಲಿ ರೋಗಿಯ ಮಾತಿಗೆ ಸ್ಥಾನವಿರಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯ ದರ್ಗಾದ ಬಳಿಯ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಸತ್ತರು. ಈ ದುರಂತ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು.

2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ದಿಕ್ಕನ್ನು ಬದಲಿಸಿತು. ಮಾಹಿತಿಯನ್ನು ಅರ್ಥ ಮಾಡಿಕೊಳ್ಳುವ, ತೀರ್ಮಾನದ ಪರಿಣಾಮವನ್ನು ಗ್ರಹಿಸುವ, ಅದನ್ನು ಮಾತು, ಸನ್ನೆ ಅಥವಾ ಬೇರೆ ರೀತಿಯಲ್ಲಿ ತಿಳಿಸುವ ಶಕ್ತಿಯ ಮೇಲೆ 4ನೆಯ ಕಲಂ ಸಾಮರ್ಥ್ಯವನ್ನು ನಿಗದಿಪಡಿಸುತ್ತದೆ. ಒಬ್ಬರ ತೀರ್ಮಾನ ಇತರರಿಗೆ ತಪ್ಪೆನಿಸಿದ ಮಾತ್ರಕ್ಕೆ ಅವರಿಗೆ ಸಾಮರ್ಥ್ಯವಿಲ್ಲವೆಂದು ಹೇಳುವಂತಿಲ್ಲ. 5ನೆಯ ಕಲಂ ಮುಂಗಡ ನಿರ್ದೇಶನದ ಹಕ್ಕನ್ನು ಕೊಡುತ್ತದೆ: ಹೇಗೆ ಆರೈಕೆ ಮಾಡಬೇಕು, ಹೇಗೆ ಮಾಡಬಾರದು, ತನ್ನ ಪ್ರತಿನಿಧಿ ಯಾರು ಎಂಬುದನ್ನು ಬರೆದಿಡಬಹುದು. ಪ್ರತಿನಿಧಿ ರೋಗಿಯ ಈಗಿನ ಮತ್ತು ಹಿಂದಿನ ಇಚ್ಛೆ, ಬದುಕು, ಮೌಲ್ಯಗಳನ್ನು ಗಮನದಲ್ಲಿಟ್ಟು ನಡೆಯಬೇಕು; ತೀರ್ಮಾನಕ್ಕೆ ಬರಲು ರೋಗಿಗೆ ಒತ್ತಾಸೆಯಾಗಿ ನಿಲ್ಲಬೇಕು. ಬಿಡುಗಡೆಯ ಹೊತ್ತಿಗೆ ಮುಂದಿನ ಆರೈಕೆಯ ಬಗ್ಗೆ ರೋಗಿ, ಪ್ರತಿನಿಧಿ, ಆರೈಕೆ ಮಾಡುವವರೊಂದಿಗೆ ಮಾತನಾಡುವುದು ಮನೋವೈದ್ಯರ ಕರ್ತವ್ಯವೆಂದು 98ನೆಯ ಕಲಂ ಹೇಳುತ್ತದೆ.

ಮುಂಗಡ ನಿರ್ದೇಶನಕ್ಕೆ ಮಿತಿಗಳೂ ಇವೆ. ತುರ್ತು ಚಿಕಿತ್ಸೆಗೆ ಅದು ಅನ್ವಯವಾಗದು, ಆದರೆ ಇ.ಸಿ.ಟಿ.ಯನ್ನು ತುರ್ತು ಚಿಕಿತ್ಸೆಯೆಂದು ಕೊಡುವಂತಿಲ್ಲ. ನಿರ್ದೇಶನ ಒಪ್ಪಿಗೆಯಾಗದ ವೈದ್ಯರು ಅಥವಾ ಮನೆಯವರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮೊರೆ ಹೋಗಬಹುದು; ಅದನ್ನು ತಿದ್ದುವ, ರದ್ದುಪಡಿಸುವ ಅಧಿಕಾರ ಮಂಡಳಿಗಿದೆ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರಾಗಿರುವ ಈ ಮಂಡಳಿಯಲ್ಲಿ ಇಬ್ಬರು ಸದಸ್ಯರು ಮನೋರೋಗವುಳ್ಳವರು, ಆರೈಕೆ ಮಾಡುವವರು ಅಥವಾ ಅವರ ಸಂಘಟನೆಗಳ ಪ್ರತಿನಿಧಿಗಳಾಗಿರಬೇಕು. ಸಮ್ಮತಿ ಕೊಡಲಾಗದವರನ್ನು ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದಾದರೂ ಅವರ ಸಾಮರ್ಥ್ಯವನ್ನು ಏಳು ದಿನಕ್ಕೊಮ್ಮೆ ಮತ್ತೆ ಪರೀಕ್ಷಿಸಬೇಕು.

ಕರ್ನಾಟಕದಲ್ಲಿ

1985ರ ನಂತರ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆದ ಪ್ರಯೋಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಔಷಧಿ ಊರ ಹತ್ತಿರ ಸಿಕ್ಕದಿದ್ದರೆ ರೋಗಿಯ ಆಯ್ಕೆಗೆ ಅರ್ಥವೇ ಇಲ್ಲವಾದ್ದರಿಂದ ಇದು ಯೋಜನೆಯಲ್ಲಿ ಪಾಲಿನ ಮೊದಲ ಮೆಟ್ಟಿಲು. 2005ರಿಂದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ, ಬಳಿಕ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್ ತಂಡ ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಗುರುತಿಸಿ ಮನೆಯ ಹತ್ತಿರವೇ ಚಿಕಿತ್ಸೆ ಒದಗಿಸಿತು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಲಭ್ಯರಿರುವ ಏರ್ಪಾಡಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ದೊರೆಯುತ್ತದೆ.

ತೊಡಕುಗಳು

ದೇಶದಲ್ಲಿ ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯರೂ ಇಲ್ಲ. ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುವಾಗ ಮುಂದಿನ ಬಿಕ್ಕಟ್ಟಿನ ಮಾತು ಎತ್ತುವುದು ಕಷ್ಟ. ವೈದ್ಯರ ಕೆಲಸದ ಒಂದು ಭಾಗವನ್ನು ಸಮಾಜಕಾರ್ಯಕರ್ತರು, ದಾದಿಯರು, ಚೇತರಿಸಿಕೊಂಡ ರೋಗಿಗಳು ವಹಿಸಿಕೊಳ್ಳುವುದು ಇದಕ್ಕೆ ಒಂದು ದಾರಿ.

ಕುಟುಂಬದ ಪ್ರಶ್ನೆ ಇನ್ನೂ ಸೂಕ್ಷ್ಮ. ಮಾತ್ರೆ ನುಂಗಿಸುವವರು, ರಾತ್ರಿಯೆಲ್ಲ ಕಾಯುವವರು, ಖರ್ಚು ಹೊರುವವರು ಮನೆಯವರೇ. ಹೊಸ ಕಾಯ್ದೆ ತಮ್ಮನ್ನು ಬದಿಗೆ ಸರಿಸಿತೆಂಬ ಅಸಮಾಧಾನ ಅವರಲ್ಲಿದೆ. ಮುಂಗಡ ನಿರ್ದೇಶನ ಪಶ್ಚಿಮದಿಂದ ತಂದದ್ದೆಂಬ ಆಕ್ಷೇಪ ಮನೋವೈದ್ಯರಲ್ಲೂ ಕೇಳಿಬಂದಿದೆ. ಇನ್ನೊಂದು ಕಡೆ ರೋಗಿಯ ಹಿತಕ್ಕೂ ಮನೆಯವರ ಹಿತಕ್ಕೂ ವಿರೋಧ ಬರುವುದುಂಟು. ಹಿಂದೂ ವಿವಾಹ ಕಾಯ್ದೆಯಡಿ ಮನೋರೋಗ ವಿಚ್ಛೇದನಕ್ಕೆ ಕಾರಣವಾಗಬಲ್ಲದು. ಹಾಗಾಗಿ ಅತ್ತೆಮನೆಯವರು ಎದುರಿಗಿದ್ದಾಗ ಸೊಸೆ ಮನಬಿಚ್ಚಿ ಮಾತನಾಡಲಾರಳು. ಆಕೆಯೊಬ್ಬಳನ್ನೇ ಕೂರಿಸಿ ಸ್ವಲ್ಪ ಹೊತ್ತು ಕೇಳುವುದು ಇಲ್ಲಿ ಅಗತ್ಯ. ಪ್ರತಿನಿಧಿ ಗಂಡನಾಗಬೇಕೆಂಬ ಕಟ್ಟಳೆಯಿಲ್ಲ. ತಾಯಿ, ಅಕ್ಕ, ಗೆಳತಿ ಯಾರನ್ನಾದರೂ ಆಕೆ ಹೆಸರಿಸಬಹುದು.

ತಾತ್ವಿಕ ಭಿನ್ನಾಭಿಪ್ರಾಯವೂ ಉಳಿದಿದೆ. ರೋಗಿಯ ಬದಲು ಇನ್ನೊಬ್ಬರು ತೀರ್ಮಾನಿಸುವ ಎಲ್ಲ ವ್ಯವಸ್ಥೆಗಳೂ ಕೊನೆಗೊಳ್ಳಬೇಕೆಂದು ವಿಶ್ವಸಂಸ್ಥೆಯ ಒಡಂಬಡಿಕೆಯ ಸಮಿತಿ 2014ರಲ್ಲಿ ಅಭಿಪ್ರಾಯಪಟ್ಟಿತು. ಪ್ರಾಣಾಪಾಯದ ಸಂದರ್ಭದಲ್ಲಿ ಅದು ಸಾಧ್ಯವಿಲ್ಲವೆನ್ನುವ ವೈದ್ಯರು ಬಹಳ. ಭಾರತದ ಕಾಯ್ದೆ ಇವೆರಡರ ನಡುವೆ ನಿಂತಿದೆ.

ಬರೆದಿಟ್ಟ ನಿರ್ದೇಶನವೂ ಕೊನೆಯ ಮಾತಲ್ಲ. ಸಾಮರ್ಥ್ಯವಿರುವ ವ್ಯಕ್ತಿ ಇಂದು ಹೇಳುವ ಮಾತು ನಿನ್ನೆ ಬರೆದದ್ದನ್ನು ಮೀರುತ್ತದೆ. ನಿರ್ದೇಶನವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಈ ಹಕ್ಕು ರೋಗಿಗಳಿಗಷ್ಟೇ ಸೀಮಿತವೂ ಅಲ್ಲ. ಹಿಂದೆ ಮನೋರೋಗ ಬಂದಿದ್ದರೂ ಬಾರದಿದ್ದರೂ, ಮುಂಗಡ ನಿರ್ದೇಶನವನ್ನು ಭಾರತದಲ್ಲಿ ಯಾವ ವಯಸ್ಕರಾದರೂ ಬರೆದಿಡಬಹುದು.